ಊರಲ್ಲಿ ಮಕ್ಕಳಿಲ್ಲ, ಬೆಂಗಳೂರಲ್ಲಿ ಜಾಗವಿಲ್ಲ: ಜನ ಏರುತ್ತಿದ್ದಾರಾ, ಇಳಿಯುತ್ತಿದ್ದಾರಾ?

ಪ್ರಶ್ನೆ: ನಾನು ಹಾಸನ ಜಿಲ್ಲೆ ಅರಸೀಕೆರೆ ತಾಲ್ಲೂಕಿನ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ನಾನು ಪಾಠ ಮಾಡಿದ ಶಾಲೆಯಲ್ಲಿ ಈಗ ಒಂದು ಕೊಠಡಿ ತುಂಬುವಷ್ಟು ಮಕ್ಕಳೂ ಇಲ್ಲ. ಆದರೆ ಊರಲ್ಲಿ ಹೊಸ ಮನೆಗಳು ಏಳುತ್ತಲೇ ಇವೆ, ಸೈಟಿನ ಬೆಲೆಯೂ ಏರುತ್ತಿದೆ. ಪೇಪರ್ ತೆರೆದರೆ ರಾಜ್ಯದ ಜನಸಂಖ್ಯೆ ಜಾಸ್ತಿಯಾಗುತ್ತಿದೆ ಅಂತ ಬರೆದಿರುತ್ತಾರೆ. ಫೋನಿನಲ್ಲಿ ‘ಹಾಸನ ಜಿಲ್ಲೆ ಜನಸಂಖ್ಯೆ 2025’ ಅಂತ ಹುಡುಕಿದರೆ ಒಂದೊಂದು ಕಡೆ ಒಂದೊಂದು ಅಂಕಿ ಸಿಗುತ್ತದೆ. ಯಾವುದನ್ನು ನಂಬಲಿ? ನಮ್ಮ ಕಡೆ ಜನ ಏರುತ್ತಿದ್ದಾರಾ, ಇಳಿಯುತ್ತಿದ್ದಾರಾ?

ಉತ್ತರ: ಮೇಷ್ಟ್ರೇ, ನೀವು ಕಂಡಿದ್ದೂ ನಿಜ, ಪೇಪರ್‌ನವರು ಬರೆದಿದ್ದೂ ನಿಜ. ರಾಜ್ಯದ ಒಟ್ಟು ಜನಸಂಖ್ಯೆ ಏರಿದೆ. ಆ ಏರಿಕೆ ನಿಮ್ಮ ಕಡೆ ಆಗಿಲ್ಲ, ಅಷ್ಟೇ. ಇಡೀ ಕರ್ನಾಟಕಕ್ಕೆ ಒಂದೇ ಅಂಕಿ ಹೇಳಿ ಮುಗಿಸಿದರೆ ಇದು ಕಾಣುವುದೇ ಇಲ್ಲ. ಜಿಲ್ಲೆ ಜಿಲ್ಲೆಯಾಗಿ ಬಿಡಿಸಿದರೆ ಮಾತ್ರ ಗೊತ್ತಾಗುತ್ತದೆ.

ಮೊದಲು ದೊಡ್ಡ ಲೆಕ್ಕ. 2001ರಲ್ಲಿ ಕರ್ನಾಟಕದಲ್ಲಿ 5,28,50,562 ಜನ ಇದ್ದರು. 2011ರಲ್ಲಿ 6,10,95,297. ಹತ್ತು ವರ್ಷದಲ್ಲಿ 82 ಲಕ್ಷಕ್ಕೂ ಜಾಸ್ತಿ, ಅಂದರೆ ಶೇ. 15.6 ಏರಿಕೆ. ಈ ವೇಗ ಹಿಂದಿನದಕ್ಕೆ ಹೋಲಿಸಿದರೆ ತುಂಬಾ ಕಮ್ಮಿ. 1971ರಿಂದ 81ರವರೆಗೆ ಶೇ. 26.75 ಇತ್ತು. ಆಮೇಲೆ 21, ಆಮೇಲೆ 17.5, ಆಮೇಲೆ 15.6. ಪ್ರತಿ ದಶಕದಲ್ಲೂ ವೇಗ ಇಳಿಯುತ್ತಲೇ ಬಂದಿದೆ. ಜನಸಂಖ್ಯೆಯೇ ಇಳಿದದ್ದು ಮಾತ್ರ ಬಹಳ ಹಿಂದೆ, 1911ರಿಂದ 1921ರ ನಡುವೆ. ಪ್ಲೇಗು ಮತ್ತು 1918ರ ಇನ್‌ಫ್ಲುಯೆಂಜಾ ಹಬ್ಬಿದ್ದ ದಶಕ ಅದು. ಈಗಿನ ಕರ್ನಾಟಕದ ಪ್ರದೇಶದಲ್ಲಿ ಆಗ ನೂರಕ್ಕೆ ಒಬ್ಬರಂತೆ ಜನ ಕಮ್ಮಿಯಾದರು.

ಈಗ ಆ 82 ಲಕ್ಷ ಎಲ್ಲಿ ಸೇರಿತು ನೋಡಿ. ಬೆಂಗಳೂರು ನಗರ ಜಿಲ್ಲೆ 65.37 ಲಕ್ಷದಿಂದ 96.21 ಲಕ್ಷಕ್ಕೆ ಹೋಯಿತು. ಒಂದೇ ಜಿಲ್ಲೆಗೆ 30.84 ಲಕ್ಷ. ರಾಜ್ಯಕ್ಕೆ ಹೊಸದಾಗಿ ಸೇರಿದ ಪ್ರತಿ ನೂರು ಜನರಲ್ಲಿ 37 ಮಂದಿ ಅಲ್ಲೇ ಇದ್ದಾರೆ! ಆ ಜಿಲ್ಲೆಯ ಏರಿಕೆ ಶೇ. 47. ಅದೊಂದನ್ನು ಪಕ್ಕಕ್ಕಿಟ್ಟು ಉಳಿದ ಕರ್ನಾಟಕದ ಲೆಕ್ಕ ಹಾಕಿದರೆ ಏರಿಕೆ ಶೇ. 11ಕ್ಕೆ ಇಳಿಯುತ್ತದೆ. ‘ರಾಜ್ಯದ ಜನಸಂಖ್ಯೆ ಏರಿದೆ’ ಎಂಬ ಮಾತಿನಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬೆಂಗಳೂರಿನದೇ.

ಇನ್ನು ನಿಮ್ಮ ಹಾಸನ. 2001ರಲ್ಲಿ 17,21,669. 2011ರಲ್ಲಿ 17,76,421. ಹತ್ತು ವರ್ಷದಲ್ಲಿ ಸೇರಿದ್ದು ಸುಮಾರು 55 ಸಾವಿರ, ಶೇ. 3.18. ಪಕ್ಕದ ತುಮಕೂರು ಶೇ. 3.65. ಮಂಡ್ಯ ಶೇ. 2.38. ಕೊಡಗು ಶೇ. 1.09. ಚಿಕ್ಕಮಗಳೂರು 11,40,905ರಿಂದ 11,37,961ಕ್ಕೆ ಇಳಿದೇ ಹೋಯಿತು. ರಾಜ್ಯದಲ್ಲಿ ಜನ ಕಮ್ಮಿಯಾದ ಜಿಲ್ಲೆ ಅದೊಂದೇ. ದೇಶದಲ್ಲಿ ಇಂಥದ್ದು ಹೊಸದೇನಲ್ಲ, ಕೇರಳದ ಪತ್ತನಂತಿಟ್ಟ ಮತ್ತು ಇಡುಕ್ಕಿಯಲ್ಲೂ ಅದೇ ದಶಕದಲ್ಲಿ ಜನ ಇಳಿದರು. ನಮ್ಮಲ್ಲಿ ಈ ಸುದ್ದಿ ಅಷ್ಟಾಗಿ ಚರ್ಚೆಗೇ ಬರಲಿಲ್ಲ ಎಂಬುದು ನನ್ನ ಬೇಸರ.

ಹಾಗಂತ ಇಡೀ ರಾಜ್ಯ ಹೀಗೇ ಇಲ್ಲ. ಯಾದಗಿರಿಯನ್ನು ನೋಡಿ. 9.56 ಲಕ್ಷ ಇದ್ದದ್ದು 11.74 ಲಕ್ಷವಾಯಿತು, ಶೇ. 22.8. ಮಂಡ್ಯದಲ್ಲಿ ಜನ ಅದರ ಹತ್ತಿರ ಹತ್ತಿರ ಎರಡರಷ್ಟಿದ್ದರೂ ಸೇರಿದ್ದು 42 ಸಾವಿರ. ಯಾದಗಿರಿಗೆ ಸೇರಿದ್ದು 2.18 ಲಕ್ಷ, ಅಂದರೆ ಐದು ಪಟ್ಟು. ಬಳ್ಳಾರಿ ಶೇ. 21, ವಿಜಯಪುರ ಶೇ. 20.5, ಕಲಬುರಗಿ ಶೇ. 18, ಕೊಪ್ಪಳ ಶೇ. 16. ಹೀಗಾಗಿ ಒಂದೇ ರಾಜ್ಯದಲ್ಲಿ ಮೂರು ಥರದ ಕತೆ ನಡೆದಿದೆ. ಬೆಂಗಳೂರು ಎಲ್ಲ ಕಡೆಯಿಂದ ಜನರನ್ನು ಎಳೆದುಕೊಂಡಿದೆ. ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಕಡೆ ಮಕ್ಕಳು ಜಾಸ್ತಿ ಹುಟ್ಟಿದ್ದರಿಂದ ಜನ ಏರಿದ್ದಾರೆ. ಹಳೇ ಮೈಸೂರು ಮತ್ತು ಮಲೆನಾಡು ನಿಂತಲ್ಲೇ ನಿಂತಿವೆ.

ನಿಂತಲ್ಲೇ ಯಾಕೆ ನಿಂತವು? ಮಕ್ಕಳು ಕಮ್ಮಿ ಹುಟ್ಟಿದ್ದು ಒಂದು ಕಾರಣ. ಆದರೆ ಅದೊಂದರಿಂದಲೇ ಇಷ್ಟು ಇಳಿಯುವುದಿಲ್ಲ. ಇದನ್ನು ಯಾರು ಬೇಕಾದರೂ ತಾಳೆ ಹಾಕಬಹುದು. ಆ ದಶಕದ ಮಧ್ಯದಲ್ಲಿ ಕರ್ನಾಟಕದಲ್ಲಿ ವರ್ಷಕ್ಕೆ ಸಾವಿರ ಜನರಿಗೆ ಹೆಚ್ಚುಕಮ್ಮಿ 20 ಮಕ್ಕಳು ಹುಟ್ಟುತ್ತಿದ್ದರು, 7 ಮಂದಿ ಸಾಯುತ್ತಿದ್ದರು. ಉಳಿದದ್ದು ಸಾವಿರಕ್ಕೆ 13. ಹಾಸನದಲ್ಲಿ ಕುಟುಂಬಗಳು ಚಿಕ್ಕವು, ವಯಸ್ಸಾದವರು ಜಾಸ್ತಿ, ಹಾಗಾಗಿ 8 ಅಂತಲೇ ಇಟ್ಟುಕೊಳ್ಳೋಣ. ಹದಿನೇಳು ಲಕ್ಷ ಜನರಿಗೆ, ಹತ್ತು ವರ್ಷಕ್ಕೆ, ಒಂದೂಕಾಲು ಲಕ್ಷದ ಮೇಲೆ ಜನ ಸೇರಬೇಕಿತ್ತು. ಸೇರಿದ್ದು 55 ಸಾವಿರ. ಎಷ್ಟೇ ಕಮ್ಮಿ ಹಿಡಿದರೂ ಹತ್ತಾರು ಸಾವಿರ ಜನರ ಕೊರತೆ ಕಾಣುತ್ತದೆ. ಅವರು ಎಲ್ಲೂ ಮಾಯವಾಗಿಲ್ಲ. ಪೀಣ್ಯದಲ್ಲೋ, ಲಗ್ಗೆರೆಯಲ್ಲೋ, ಕೆಂಗೇರಿ ಕಡೆಯೋ ಬಾಡಿಗೆ ಮನೆಯಲ್ಲಿದ್ದಾರೆ. ನಿಮ್ಮ ಶಾಲೆಯಲ್ಲಿ ಓದಬೇಕಿದ್ದ ಮಕ್ಕಳೂ ಅಲ್ಲೇ ಇದ್ದಾರೆ.

ವಲಸೆಯನ್ನು ಕಂಡುಹಿಡಿಯಲು ಇನ್ನೊಂದು ಸುಲಭ ದಾರಿ ಇದೆ. ಗಂಡಸರಿಗೆ ಎಷ್ಟು ಹೆಂಗಸರಿದ್ದಾರೆ ನೋಡಬೇಕು. 2011ರಲ್ಲಿ ಸಾವಿರ ಗಂಡಸರಿಗೆ ರಾಜ್ಯದಲ್ಲಿ 973 ಹೆಂಗಸರು. ಬೆಂಗಳೂರು ನಗರ ಜಿಲ್ಲೆಯಲ್ಲಿ 916. ಹಾಸನದಲ್ಲಿ 1010, ಚಿಕ್ಕಮಗಳೂರಲ್ಲಿ 1008, ಕೊಡಗಿನಲ್ಲಿ 1019, ಉಡುಪಿಯಲ್ಲಿ 1094. ಹೆಂಗಸರು ಗಂಡಸರಿಗಿಂತ ಹೆಚ್ಚು ವರ್ಷ ಬದುಕುತ್ತಾರೆ, ಅದು ಒಂದು ಪಾಲು. ಉಳಿದದ್ದು ದುಡಿಯಲು ಹೊರಟ ಗಂಡಸರ ಲೆಕ್ಕ. ಉಡುಪಿಯ ಗಂಡಸರು ಮುಂಬಯಿ, ಕೊಲ್ಲಿ ದೇಶ ಅಂತ ತಲೆಮಾರುಗಳಿಂದ ಹೋಗುತ್ತಿದ್ದಾರೆ. ಹಾಸನದ ಹುಡುಗರು ಬೆಂಗಳೂರಿಗೆ ಹೋಗುತ್ತಾರೆ. ಆ ಕಡೆ 916, ಈ ಕಡೆ 1010. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಜನ ಎಲ್ಲಿಂದ ಎಲ್ಲಿಗೆ ಹೋದರು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಹಳ್ಳಿ ಮತ್ತು ಪಟ್ಟಣವನ್ನು ಬೇರೆ ಮಾಡಿದರೆ ನಿಮ್ಮ ಅನುಭವಕ್ಕೆ ಇನ್ನೂ ಹತ್ತಿರ ಬರುತ್ತೇವೆ. 2001ರಲ್ಲಿ ಹಾಸನ ಜಿಲ್ಲೆಯ ನೂರರಲ್ಲಿ ಸುಮಾರು 18 ಮಂದಿ ಪಟ್ಟಣಗಳಲ್ಲಿದ್ದರು. 2011ರಲ್ಲಿ ಸುಮಾರು 21. ಒಟ್ಟು ಏರಿಕೆಯೇ 55 ಸಾವಿರ ಇರುವಾಗ ಇದರ ಅರ್ಥ ಏನು? ಬಂದ ಏರಿಕೆಯಷ್ಟೂ ಪಟ್ಟಣಗಳ ಪಾಲಾಗಿದೆ, ಹಳ್ಳಿಗಳ ಒಟ್ಟು ಜನಸಂಖ್ಯೆ ಸ್ವಲ್ಪ ಇಳಿದಿದೆ. ರಾಜ್ಯದ ಮಟ್ಟದಲ್ಲಿ ಹಳ್ಳಿಗಳು ಶೇ. 7.4 ಏರಿವೆ, ಪಟ್ಟಣಗಳು ಶೇ. 31.5. ನಿಮ್ಮ ಜಿಲ್ಲೆಯ ಹಳ್ಳಿಗಳಿಗೆ ಆ 7.4 ಕೂಡ ಸಿಕ್ಕಿಲ್ಲ.

ಹಾಗಾದರೆ ಹೊಸ ಮನೆಗಳು? ಸೈಟಿನ ಬೆಲೆ? ಇಲ್ಲೇ ತುಂಬಾ ಜನ ದಾರಿ ತಪ್ಪುವುದು. ಮನೆ ಜಾಸ್ತಿಯಾದರೆ ಜನ ಜಾಸ್ತಿಯಾದರು ಅಂತಲ್ಲ. ಒಂದು ಕೂಡು ಕುಟುಂಬ ಮೂರು ಪಾಲಾದರೆ ಮನೆ ಮೂರಾಗುತ್ತದೆ, ಜನ ಅಷ್ಟೇ ಇರುತ್ತಾರೆ. ಮೂರರಲ್ಲಿ ಒಬ್ಬ ಮಗ ಬೆಂಗಳೂರಲ್ಲಿದ್ದು, ಹಬ್ಬಕ್ಕೆ ಬರಲಿ ಅಂತ ಊರಲ್ಲಿ ತಾರಸಿ ಮನೆ ಕಟ್ಟಿಸಿದರೆ ಮನೆಗಳ ಸಂಖ್ಯೆ ಏರಿಯೇ ಏರುತ್ತದೆ. ವರ್ಷದಲ್ಲಿ ಹನ್ನೊಂದು ತಿಂಗಳು ಅದಕ್ಕೆ ಬೀಗ. ಸೈಟಿನ ಬೆಲೆಯನ್ನು ಏರಿಸುವುದೂ ಹೊರಗೆ ದುಡಿದ ಹಣವೇ. ಮಗ ಪೇಟೆಯಲ್ಲಿ ಸಂಪಾದಿಸಿದ್ದನ್ನು ಊರ ಮಣ್ಣಿನಲ್ಲಿ ಹಾಕುತ್ತಾನೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಮನೆಯಿಂದ ನಿಮ್ಮ ಶಾಲೆಗೆ ಮಗು ಬರುವುದಿಲ್ಲ. ಊರಲ್ಲಿ ಉಳಿದ ಕೆಲವು ಮಕ್ಕಳನ್ನೂ ಹಳದಿ ವ್ಯಾನು ಬಂದು ಪಟ್ಟಣದ ಇಂಗ್ಲಿಷ್ ಮೀಡಿಯಂ ಶಾಲೆಗೆ ಕರೆದುಕೊಂಡು ಹೋಗುತ್ತದೆ. ಇದು ಜನಸಂಖ್ಯೆಯ ಲೆಕ್ಕಕ್ಕೆ ಬರದ ಬೇರೆ ಸಂಗತಿ. ಶಾಲೆ ಖಾಲಿಯಾಗಲು ಇದರ ಪಾಲೂ ಇದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಹುಟ್ಟುವ ಮಕ್ಕಳ ವಿಷಯವನ್ನೂ ಹೇಳಿಬಿಡುತ್ತೇನೆ. ಒಬ್ಬ ಹೆಂಗಸಿಗೆ ಸರಾಸರಿ 2.1 ಮಕ್ಕಳಾದರೆ ಜನಸಂಖ್ಯೆ ಮುಂದೆ ಸಮಸ್ಥಿತಿಗೆ ಬರುತ್ತದೆ ಅನ್ನುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕ 2005–06ರಲ್ಲೇ ಆ ಮಟ್ಟ ಮುಟ್ಟಿತ್ತು. 2015–16ರಲ್ಲಿ 1.8 ಆಯಿತು. 2019–21ರಲ್ಲಿ 1.7. ಅಂದರೆ ಇಂದಿನ ದಂಪತಿ ತಮ್ಮಷ್ಟು ಜನರನ್ನೂ ಹಿಂದೆ ಬಿಟ್ಟು ಹೋಗುತ್ತಿಲ್ಲ. ಆದರೂ ಒಟ್ಟು ಸಂಖ್ಯೆ ಯಾಕೆ ಏರುತ್ತಿದೆ ಅಂತ ಕೇಳಬಹುದು. 1980–90ರ ದಶಕದಲ್ಲಿ ಹುಟ್ಟಿದ ದೊಡ್ಡ ಗುಂಪು ಈಚೆಗೆ ತಂದೆ-ತಾಯಿ ಆದದ್ದರಿಂದ, ಮತ್ತು ಹಿರಿಯರು ಮೊದಲಿಗಿಂತ ಹೆಚ್ಚು ವರ್ಷ ಬದುಕುತ್ತಿರುವುದರಿಂದ. ಹುಟ್ಟಿನ ಪ್ರಮಾಣ ಉತ್ತರ ಕರ್ನಾಟಕದಲ್ಲೂ ಇಳಿಯುತ್ತಿದೆ. ಹಾಗಾಗಿ ಮುಂದೆ ಯಾವ ಊರು ಬೆಳೆಯುತ್ತದೆ, ಯಾವುದು ಸೊರಗುತ್ತದೆ ಅನ್ನುವುದನ್ನು ತೊಟ್ಟಿಲಿಗಿಂತ ಬಸ್ ಸ್ಟ್ಯಾಂಡೇ ಜಾಸ್ತಿ ತೀರ್ಮಾನಿಸುತ್ತದೆ. ಇದು ನನ್ನ ಖಚಿತ ಅಭಿಪ್ರಾಯ. ಇಂದಿಗೂ ‘ಜನಸಂಖ್ಯಾ ಸ್ಫೋಟ’ ಅಂತ ಭಾಷಣ ಮಾಡುವವರು ಕರ್ನಾಟಕದ ಕಳೆದ ಇಪ್ಪತ್ತು ವರ್ಷದ ಲೆಕ್ಕವನ್ನು ಒಮ್ಮೆ ನೋಡಬೇಕು.

ಈಗ ನಗರಗಳ ಅಂಕಿಯ ಬಗ್ಗೆ ಒಂದು ಎಚ್ಚರಿಕೆ. 2001ರ ಬೆಂಗಳೂರು ಮಹಾನಗರ ಪಾಲಿಕೆಯಲ್ಲಿ 43 ಲಕ್ಷ ಜನ, 2011ರ ಬಿಬಿಎಂಪಿಯಲ್ಲಿ 84.4 ಲಕ್ಷ. ಇದನ್ನು ನೋಡಿ ‘ಹತ್ತೇ ವರ್ಷದಲ್ಲಿ ಬೆಂಗಳೂರು ಎರಡು ಪಟ್ಟು’ ಅಂತ ಎಷ್ಟೋ ಕಡೆ ಬರೆದಿದ್ದಾರೆ. ಅದು ಸರಿಯಲ್ಲ. 2007ರಲ್ಲಿ ಯಲಹಂಕ, ಕೆ.ಆರ್. ಪುರ, ಮಹದೇವಪುರ, ಬೊಮ್ಮನಹಳ್ಳಿ, ದಾಸರಹಳ್ಳಿ, ಬ್ಯಾಟರಾಯನಪುರ, ರಾಜರಾಜೇಶ್ವರಿ ನಗರ ಎಂಬ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿದರು. ಗಡಿಯೇ ಹಿಗ್ಗಿತು. ಹೊಸದಾಗಿ ಎಣಿಕೆಗೆ ಬಂದವರಲ್ಲಿ ಎಷ್ಟೋ ಜನ ಮೊದಲಿನಿಂದಲೂ ಅದೇ ಮನೆಯಲ್ಲಿದ್ದವರು. ಸುತ್ತಲ ಪ್ರದೇಶವನ್ನೂ ಸೇರಿಸಿದ ಬೆಂಗಳೂರು ನಗರ ಸಮೂಹದ ಲೆಕ್ಕದಲ್ಲಿ 2001ರಲ್ಲೇ 57 ಲಕ್ಷ ಇತ್ತು. ಹೋಲಿಸುವುದಾದರೆ ಅದನ್ನೋ ಜಿಲ್ಲೆಯ ಅಂಕಿಯನ್ನೋ ಹೋಲಿಸಬೇಕು. ಮುಂದೆ ಇದು ಇನ್ನೂ ಗೋಜಲಾಗುತ್ತದೆ. ಬಿಬಿಎಂಪಿ ಹೋಗಿ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದಿವೆ. ರಾಮನಗರಕ್ಕೆ ಬೆಂಗಳೂರು ದಕ್ಷಿಣ ಅಂತ ಹೆಸರಾಗಿದೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾಗಿದೆ. ಮುಂದಿನ ಗಣತಿಯ ಬಳ್ಳಾರಿಯನ್ನು 2011ರ ಬಳ್ಳಾರಿಯ 24.5 ಲಕ್ಷದ ಜೊತೆ ನೇರವಾಗಿ ಇಟ್ಟು ‘ಬಳ್ಳಾರಿಯಲ್ಲಿ ಜನ ಅರ್ಧಕ್ಕರ್ಧ ಕಮ್ಮಿ’ ಅಂತ ಯಾರಾದರೂ ಬರೆದರೆ ದಯವಿಟ್ಟು ನಂಬಬೇಡಿ.

ಪಟ್ಟಣಗಳ ಸಂಖ್ಯೆಯಲ್ಲೂ ಇದೇ ಥರದ ತೊಡಕು. ರಾಜ್ಯದಲ್ಲಿ 2001ರಲ್ಲಿ 270 ಪಟ್ಟಣ, 2011ರಲ್ಲಿ 347. ಹೊಸ ಪಟ್ಟಣ ಯಾರೂ ಕಟ್ಟಲಿಲ್ಲ. ಜನ 5,000 ದಾಟಿ, ಚದರ ಕಿಲೋಮೀಟರಿಗೆ 400 ಮಂದಿ ಇದ್ದು, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿದ್ದರೆ, ಗ್ರಾಮ ಪಂಚಾಯಿತಿ ಇದ್ದರೂ ಗಣತಿಯವರು ಅದನ್ನು ಪಟ್ಟಣ ಅಂತ ಎಣಿಸುತ್ತಾರೆ. ಇಂಥ ಗಣತಿ ಪಟ್ಟಣಗಳು 44ರಿಂದ 127ಕ್ಕೆ ಏರಿದವು. ಹಾಗಾಗಿ ಪಟ್ಟಣಗಳ ಆ ಶೇ. 31.5 ಏರಿಕೆಯಲ್ಲಿ ವಲಸೆ ಎಷ್ಟು, ಹಳ್ಳಿಯ ಹೆಸರು ಬದಲಾದದ್ದೆಷ್ಟು ಅಂತ ಬೇರೆ ಮಾಡಿಯೇ ಮಾತಾಡಬೇಕು.

ಗುಳೆ ಹೋಗುವವರದ್ದು ಇನ್ನೊಂದು ಪಾಡು. ಯಾದಗಿರಿ, ರಾಯಚೂರು, ಕೊಪ್ಪಳದ ಕಡೆಯಿಂದ ಹೊಲದ ಕೆಲಸ ಮುಗಿದ ಮೇಲೆ ಸಂಸಾರ ಸಮೇತ ಬೆಂಗಳೂರು, ಪುಣೆ, ಗೋವಾ ಅಂತ ಹೊರಡುತ್ತಾರೆ. 2011ರ ಗಣತಿ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಸರಿಯಾಗಿ ಗುಳೆಯ ಕಾಲ. ಆ ಇಪ್ಪತ್ತು ದಿನ ಪೂರ್ತಿ ಊರಲ್ಲಿ ಇಲ್ಲದವರನ್ನು ಅವರು ಇದ್ದ ಕಡೆಯೇ ಎಣಿಸಬೇಕು ಎಂಬುದು ನಿಯಮ. ಕಟ್ಟಡದ ಕೆಲಸದ ಜಾಗದ ತಗಡಿನ ಶೆಡ್‌ನಲ್ಲಿರುವ ಕುಟುಂಬ ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತದೆ. ಮಳೆ ಬಿದ್ದ ಮೇಲೆ ಅವರು ಊರಿಗೆ ವಾಪಸ್. ಅಷ್ಟು ಜನ ಹೊರಗಿದ್ದಾಗಲೂ ಯಾದಗಿರಿ ಶೇ. 22.8 ಏರಿತ್ತು ಅನ್ನುವುದನ್ನು ಮರೆಯಬಾರದು.

ನಿಮ್ಮ ಇನ್ನೊಂದು ಪ್ರಶ್ನೆ, ಫೋನಿನಲ್ಲಿ ಸಿಗುವ ‘2025ರ ಜನಸಂಖ್ಯೆ’. ನೇರವಾಗಿ ಹೇಳುತ್ತೇನೆ: 2011ರ ನಂತರ ಮನೆ ಮನೆಗೆ ಹೋಗಿ ಎಣಿಸಿದ ಗಣತಿಯ ಫಲಿತಾಂಶ ಬಂದಿಲ್ಲ. 2021ರ ಗಣತಿ ಕೊರೊನಾದಿಂದ ನಿಂತಿತು. ಹಾಗಾಗಿ ಆ ಅಂಕಿಗಳೆಲ್ಲ ಅಂದಾಜು. ಕೆಲವು ಅಂದಾಜು ಹುಟ್ಟು, ಸಾವು, ವಲಸೆ ಎಲ್ಲವನ್ನೂ ತೂಗಿ ಮಾಡಿದ್ದು. ಬೆಂಗಳೂರಿಗೆ 2025ಕ್ಕೆ 1.4 ಕೋಟಿ ದಾಟುತ್ತದೆ ಅಂತ ವಿಶ್ವಸಂಸ್ಥೆ 2018ರಲ್ಲಿ ಹೇಳಿದ್ದೂ ಒಂದು ಅಂದಾಜೇ. ಆದರೆ ಜಿಲ್ಲೆ, ತಾಲ್ಲೂಕುಗಳಿಗೆ ಜಾಲತಾಣಗಳು ಕೊಡುವ ಅಂಕಿ ಬಹುಪಾಲು 2001–11ರ ವೇಗವನ್ನೇ ಸುಮ್ನೆ ಮುಂದಕ್ಕೆ ಎಳೆದದ್ದು. ಹಾಸನದಂಥ ಜಿಲ್ಲೆಗೆ ಅದು ಉಪಯೋಗಕ್ಕೆ ಬರುವುದಿಲ್ಲ, ಯಾಕೆಂದರೆ ಹುಟ್ಟುವ ಮಕ್ಕಳು ಆಮೇಲೆ ಇನ್ನೂ ಕಮ್ಮಿಯಾಗಿದ್ದಾರೆ. ಕೆಲವರು ಜನನ ನೋಂದಣಿಯ ಸಂಖ್ಯೆ ಹಿಡಿದು ಲೆಕ್ಕ ಹಾಕುತ್ತಾರೆ. ಅಲ್ಲೂ ಹುಷಾರಾಗಿರಬೇಕು. ಮಗು ಎಲ್ಲಿ ಹುಟ್ಟಿತೋ ಅಲ್ಲೇ ನೋಂದಣಿ ಆಗುವುದು. ದೊಡ್ಡ ಆಸ್ಪತ್ರೆ ಇರುವ ಊರಲ್ಲಿ ಸಂಖ್ಯೆ ಉಬ್ಬಿರುತ್ತದೆ, ತಾಯಿಯ ಹಳ್ಳಿಯಲ್ಲಿ ಸೊನ್ನೆ ಇರುತ್ತದೆ.

ಹಳೆಯ ಅಂಕಿ ಇಟ್ಟುಕೊಂಡು ಆಡಳಿತ ನಡೆಸುವುದರಿಂದ ಆಗುವ ತೊಂದರೆ ಸಣ್ಣದಲ್ಲ. ಆಹಾರ ಭದ್ರತಾ ಕಾಯ್ದೆಯಲ್ಲಿ ಕರ್ನಾಟಕಕ್ಕೆ ಸುಮಾರು 4 ಕೋಟಿ ಜನರ ಮಿತಿ ಇದೆ. ಆ ಮಿತಿ 2011ರ ಗಣತಿಯ ಮೇಲೆ ನಿಂತಿದೆ. ಆಮೇಲೆ ಹುಟ್ಟಿದ ಮಗುವಿಗೂ ಅದರಲ್ಲೇ ಜಾಗ ಹುಡುಕಬೇಕು. ವಿಧಾನಸಭಾ ಕ್ಷೇತ್ರಗಳು ಇನ್ನೂ ಹಳೆಯವು, 2001ರ ಗಣತಿಯಂತೆ ಹಂಚಿದ್ದು. ಬೆಂಗಳೂರು ನಗರ ಜಿಲ್ಲೆಗೆ 28 ಶಾಸಕರು. 2011ರ ಜನಸಂಖ್ಯೆಗೆ ಭಾಗಿಸಿದರೆ ಒಬ್ಬ ಶಾಸಕರಿಗೆ 3.4 ಲಕ್ಷ ಜನ. ಚಿಕ್ಕಮಗಳೂರಿಗೆ ಐದು, ಒಬ್ಬರಿಗೆ 2.3 ಲಕ್ಷ. ನಿಮ್ಮ ಹಾಸನಕ್ಕೆ ಏಳು, ಒಬ್ಬರಿಗೆ ಸುಮಾರು 2.5 ಲಕ್ಷ. ಮುಂದೆ ಕ್ಷೇತ್ರ ಮರುವಿಂಗಡಣೆ ಆದರೆ ಜನಸಂಖ್ಯೆಯೊಂದನ್ನೇ ಅಳತೆಗೋಲಾಗಿ ಹಿಡಿಯುತ್ತಾರಾ ಎಂಬುದು ದಕ್ಷಿಣದ ರಾಜ್ಯಗಳಿಗೆ ಎಷ್ಟು ಮುಖ್ಯವೋ ರಾಜ್ಯದೊಳಗಿನ ಮಲೆನಾಡಿಗೂ ಅಷ್ಟೇ ಮುಖ್ಯ. ಜನ ಕಮ್ಮಿಯಾದ ಊರಿಗೆ ಬಸ್ಸು, ಶಾಲೆ, ಶಾಸಕ ಮೂರೂ ದೂರವಾದರೆ ಉಳಿದವರೂ ಊರು ಬಿಡುತ್ತಾರೆ. ಮಕ್ಕಳ ಸಂಖ್ಯೆ ಇಳಿದ ಹಳ್ಳಿಯಲ್ಲಿ ಶಾಲೆ ಮುಚ್ಚುವ ಮೊದಲು ಇದನ್ನು ಯೋಚಿಸಬೇಕು ಅಂತ ನಾನು ಹೇಳುತ್ತಲೇ ಬಂದಿದ್ದೇನೆ. ಅಲ್ಲಿ ಈಗ ವಯಸ್ಸಾದವರು ಜಾಸ್ತಿ. ಅವರಿಗೆ ಬೇಕಾದ ಆರೋಗ್ಯ ಕೇಂದ್ರ, ಔಷಧಿ, ಆಟೋ ಇವುಗಳ ಯೋಜನೆಯೂ ಜನಸಂಖ್ಯೆಯ ಲೆಕ್ಕದಿಂದಲೇ ಹುಟ್ಟಬೇಕು.

ಹೊಸ ಗಣತಿಯ ಎಣಿಕೆಗೆ 2027ರ ಮಾರ್ಚ್ 1 ಅನ್ನು ಆಧಾರ ದಿನ ಅಂತ ಗೊತ್ತು ಮಾಡಿದ್ದಾರೆ. ಅದಕ್ಕೆ ನಿಮ್ಮಿಂದ ಒಂದು ಸಹಾಯ ಬೇಕು. ಎಷ್ಟೋ ಹಳ್ಳಿಗಳಲ್ಲಿ ಗಣತಿಯವರು ಬಂದಾಗ ಬೆಂಗಳೂರಲ್ಲಿರುವ ಮಗ, ಸೊಸೆ, ಮೊಮ್ಮಕ್ಕಳ ಹೆಸರನ್ನೂ ಬರೆಸುತ್ತಾರೆ. ರೇಷನ್ ಕಾರ್ಡು ಇಲ್ಲೇ ಇದೆಯಲ್ವಾ, ಹೆಸರು ಬಿಟ್ಟುಹೋದರೆ ಸೌಲಭ್ಯ ತಪ್ಪೀತು ಎಂಬ ಭಯ. ಗಣತಿಗೂ ರೇಷನ್ ಕಾರ್ಡಿಗೂ ಸಂಬಂಧವಿಲ್ಲ, ಗಣತಿಯಲ್ಲಿ ಕೊಟ್ಟ ಮಾಹಿತಿಯನ್ನು ಬೇರೆಯವರಿಗೆ ಕೊಡುವಂತೆಯೂ ಇಲ್ಲ ಅಂತ ಅವರಿಗೆ ತಿಳಿಸಿ. ಮೇಷ್ಟ್ರು ಹೇಳಿದರೆ ಕೇಳುತ್ತಾರೆ. ಒಬ್ಬೊಬ್ಬರನ್ನೂ ಅವರು ನಿಜವಾಗಿ ವಾಸ ಇರುವ ಕಡೆ ಮಾತ್ರ ಎಣಿಸಿದರೆ ನಿಮ್ಮೂರಿನ ಸರಿಯಾದ ಲೆಕ್ಕ ಸಿಗುತ್ತದೆ.

ಅಲ್ಲಿಯವರೆಗೆ ಒಂದು ಕೆಲಸ ಮಾಡಬಹುದು. ಗಣತಿಯ ಜಾಲತಾಣದಲ್ಲಿ ಹಾಸನ ‘ಜಿಲ್ಲಾ ಜನಗಣತಿ ಕೈಪಿಡಿ’ ಉಚಿತವಾಗಿ ಸಿಗುತ್ತದೆ, 2001ರದ್ದು ಮತ್ತು 2011ರದ್ದು ಎರಡೂ ತೆಗೆದುಕೊಳ್ಳಿ. ಅದರಲ್ಲಿ ಪ್ರತಿ ಹಳ್ಳಿಗೂ ಒಂದು ಸಾಲು ಇರುತ್ತದೆ. ನಿಮ್ಮೂರಿನ ಸಾಲಿನಿಂದ ಮೂರು ಅಂಕಿ ಬರೆದುಕೊಳ್ಳಿ: ಮನೆವಾರ್ತೆಗಳೆಷ್ಟು, ಒಟ್ಟು ಜನ ಎಷ್ಟು, 0–6 ವರ್ಷದ ಮಕ್ಕಳೆಷ್ಟು. 2011ರಲ್ಲಿ ರಾಜ್ಯದಲ್ಲಿ ನೂರು ಜನರಿಗೆ ಅಂಥ ಮಕ್ಕಳು ಸುಮಾರು 12 ಇದ್ದರು. ನಿಮ್ಮೂರಲ್ಲಿ ಎಷ್ಟು ಅಂತ ನೋಡಿ. ಆಮೇಲೆ ಅಂಗನವಾಡಿಯ ಇವತ್ತಿನ ಹಾಜರಿ ಪುಸ್ತಕದ ಜೊತೆ ಇಟ್ಟು ನೋಡಿ, ಸಿಕ್ಕಿದ್ದನ್ನು ನನಗೂ ಬರೆದು ಕಳಿಸಿ.